ನಿಶ್ಚಯದ ದಿನ ಬಂದ ಕತ್ತೆಕಿರುಬ

ಖೊಟ್ಟಿ ಪಟ, ಅಂದರೆ ನಕಲಿ ಪಟ, ಕಂಡರೆ ಅಣ್ಣಿಗೇರಿಯ ಈರಬಸಪ್ಪನಿಗೆ ಅನ್ನದಲ್ಲಿ ಹರಳು ಕಡಿದಂತಾಗುತ್ತಿತ್ತು. ಉಗುಳದೆ ಬಿಡುವ ಪೈಕಿ ಅಲ್ಲ ಅವನು. ಎದುರಿಗೆ ಕೂತವರು ಸಾಹುಕಾರರೋ, ಸ್ವಾಮಿಗಳೋ, ಸ್ವಂತ ಸೋದರಮಾವನೋ, ಅದೆಲ್ಲ ಆಮೇಲಿನ ಮಾತು. ಮೊದಲು ಬಾಯಿಂದ ಬೀಳುತ್ತಿದ್ದದ್ದು ಒಂದೇ: “ಒಲಿಗೆ ಹಾಕ್ರಿ ಇದನ್ನ!”

ಯಾವ ಪಟ ಅಂತೀರೇನು? ಸಿಗರೇಟಿನ ಪಟ. ಬ್ರಿಟಿಷರ ಕಾಲದಲ್ಲಿ ಸಿಗರೇಟ್ ಪಾಕೀಟಿನೊಳಗೆ ಒಂದೊಂದು ಚಿತ್ರ ಇಟ್ಟು ಮಾರುತ್ತಿದ್ದರು. ಹೆಬ್ಬೆರಳಿಗಿಂತ ತುಸು ಉದ್ದದ ಗಟ್ಟಿ ಕಾಗದ, ಮುಂದೆ ಬಣ್ಣದ ಚಿತ್ರ, ಹಿಂದೆ ಅದರ ನಂಬರು. ಹಕ್ಕಿಗಳದೊಂದು ಸರಣಿ, ಹಡಗುಗಳದೊಂದು, ಕಾಡುಪ್ರಾಣಿಗಳದೊಂದು. ಸರಣಿಗೆ ಐವತ್ತು ಪಟ. ಗದಗಿನ ಗಾಡಿ ಅಣ್ಣಿಗೇರಿ ಸ್ಟೇಶನ್ನಿನಲ್ಲಿ ನಿಂತಾಗ ಒಳಗಿನ ಸಾಹೇಬರು ಖಾಲಿ ಪಾಕೀಟು ಕಿಡಕಿಯಿಂದ ಒಗೆಯುತ್ತಿದ್ದರು. ಊರ ಹುಡುಗರೆಲ್ಲ ಹದ್ದಿನಂತೆ ಎರಗುತ್ತಿದ್ದರು. ಮುಂದೆ ಯುದ್ಧ ಬಂತು, ಕಾಗದ ತುಟ್ಟಿಯಾಯಿತು, ಪಟ ನಿಂತುಹೋದವು. ಹುಡುಗರಿಗೆ ಮೀಸೆ ಬಂದವು, ಮದುವೆಯಾದವು, ಪಟದ ಹುಚ್ಚು ಬಿಟ್ಟುಹೋಯಿತು. ಈರಬಸಪ್ಪನಿಗೆ ಮತ್ತು ಅವನ ಜೀವದ ಗೆಳೆಯ, ಟೇಲರ್ ಮಡಿವಾಳೆಪ್ಪನಿಗೆ ಮಾತ್ರ ಬಿಡಲಿಲ್ಲ. ಐವತ್ತು ದಾಟಿದರೂ ಇಬ್ಬರೂ ಒಂದು ಮಿಂಚುಳ್ಳಿಯ ಪಟಕ್ಕಾಗಿ ಮಾತು ಬಿಟ್ಟು, ಮತ್ತೆ ಮಾತಾಡಿ, ಮತ್ತೆ ಮಾತು ಬಿಡುತ್ತಿದ್ದರು.

ಎಂಬತ್ತರ ಸುಮಾರಿಗೆ ನೋಡಿ, ಈ ಪಟಗಳಿಗೆ ಒಮ್ಮೆಲೇ ಕಿಮ್ಮತ್ತು ಬಂತು. ಪುಣೆ, ಮುಂಬೈಯ ಹಳೇ ಪಟ ಕೂಡಿಹಾಕುವ ಹೌಸಿ ಮಂದಿ ಹುಡುಕಿಕೊಂಡು ಬರತೊಡಗಿದರು. ಬೆನ್ನಿಗೇ ಖೊಟ್ಟಿಯೂ ಬಂತು. ಹುಬ್ಬಳ್ಳಿಯ ಒಬ್ಬ ಹಳೇ ನಾಣ್ಯದ ವ್ಯಾಪಾರಿ ಹೊಸ ಕಾಗದದ ಮೇಲೆ ಹಳೇ ಚಿತ್ರದ ಅಚ್ಚು ಹಾಕಿಸಿ, ಚಹದ ನೀರಿನಲ್ಲಿ ಅದ್ದಿ, ಹೊಗೆಗೆ ಹಿಡಿದು, ಅಜ್ಜನ ಕಾಲದ್ದೆಂದು ಮಾರಲು ಸುರು ಮಾಡಿದ. ನೋಡಿದವರು ಬೆರಗಾಗಬೇಕು, ಅಂಥ ಕೈಚಳಕ. ಸುತ್ತಲ ಊರಿನಲ್ಲಿ ಆ ಕೈಚಳಕಕ್ಕೆ ಸೊಪ್ಪು ಹಾಕದವನು ಈರಬಸಪ್ಪ ಒಬ್ಬನೇ.

ಅವನ ಹೊಟ್ಟೆಪಾಡಿನ ಕೆಲಸವೂ ಅಂಥದ್ದೇ. ಅಡತಿ ಅಂಗಡಿಗೆ ಬಂದ ಕಡಲೆ, ಹೆಸರು, ಜೋಳದ ಚೀಲದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರವಿ, ಹಲ್ಲಿನಲ್ಲಿ ಒಂದು ಕಾಳು ಕಡಿದು, ಮಾಲು ಎಂಥದ್ದು ಅಂತ ಹೇಳುವುದು. ಸಂತೆಯ ದಿನ ಇಳಿಹೊತ್ತಿಗೆ ಅದೇ ಅಂಗಡಿಯ ಕಟ್ಟೆಯ ಮೇಲೆ ಪಟದ ಮಂದಿ ಬಂದು ಕೂಡುತ್ತಿದ್ದರು. ಈರಬಸಪ್ಪ ಮೊದಲು ಪಟದ ಅಂಚಿಗೆ ಹೆಬ್ಬೆರಳು ಆಡಿಸುತ್ತಿದ್ದ. ಆಮೇಲೆ ಕಿವಿಯ ಹತ್ತಿರ ಹಿಡಿದು ತುಸು ಬಾಗಿಸುತ್ತಿದ್ದ. ಹಳೇ ಕಾಗದ ‘ಟಪ್’ ಅನ್ನಬೇಕು. ಭೂತಗನ್ನಡಿ ಇಟ್ಟು ನೋಡಿದರೆ ಬಣ್ಣ ಒಂದರ ಮೇಲೊಂದು ತೆಳ್ಳಗೆ ಕೂತಿರಬೇಕು. ರವೆ ಚೆಲ್ಲಿದಂತೆ ಚುಕ್ಕೆ ಚುಕ್ಕೆ ಕಂಡರೆ ಅದು ನಿನ್ನೆ ಮೊನ್ನೆಯದು. ಎಲ್ಲಕ್ಕಿಂತ ದೊಡ್ಡ ಗುರುತೆಂದರೆ ಹೊಲಸು. “ಖರೇ ಹೊಲಸು ಮೂಲಿ ಹಿಡದು ಬರತೈತ್ರಿ. ಕೈ ತಾಗಿದಲ್ಲಿ ಕರಗಾಗತೈತಿ, ತಾಗದಲ್ಲಿ ಬೆಳ್ಳಗ ಉಳಿತೈತಿ. ಇದೇನ್ರಿ ಇದು, ಹಿಂದ ಮುಂದ ಒಂದs ಬಣ್ಣ! ಹುಟ್ಟಿದ ದಿನಾನs ಮುದುಕ ಆಗ್ಯಾನೇನು?” ಅನ್ನುತ್ತಿದ್ದ. ಸಂಶಯ ಉಳಿದರೆ ನಾಲಗೆಯ ತುದಿ ತಾಗಿಸುತ್ತಿದ್ದ. ಚಹದ ಒಗರು ಹತ್ತಿದರೆ ಮುಗಿಯಿತು, ಒಲೆಯ ಮಾತು ಬಂತೆಂದೇ ಅರ್ಥ. ಪಟ ಅಸಲಿದ್ದರೆ ಏನೂ ಮಾತಾಡುತ್ತಿರಲಿಲ್ಲ. ಎರಡೂ ಕಣ್ಣಿಗೆ ಒತ್ತಿಕೊಂಡು ತಿರುಗಿ ಕೊಡುತ್ತಿದ್ದ. ಈರಬಸಪ್ಪ ಕಣ್ಣಿಗೊತ್ತಿಕೊಂಡ ಅಂದರೆ ಗದಗಿನಿಂದ ಹುಬ್ಬಳ್ಳಿತನಕ ಮತ್ತೆ ಯಾರೂ ಕೇಳುತ್ತಿರಲಿಲ್ಲ.

ಮನುಷ್ಯ ಬಿಗುಮಾನದವನು, ಸಿಡುಕ. ಹೊಟ್ಟೆಯಲ್ಲಿ ಮಾತ್ರ ಏನೂ ಇಟ್ಟುಕೊಳ್ಳುವವನಲ್ಲ. ಅದೇ ಅವನ ಹೆಂಡತಿ ಶಿವಗಂಗವ್ವನ ತಲೆಬ್ಯಾನಿ. ಹೊಟ್ಟೆಯಲ್ಲಿ ಒಂದಿಷ್ಟು ಇಟ್ಟುಕೊಂಡಿದ್ದರೆ ಮಗಳು ಶಾರದಾಳ ಮದುವೆ ಎಂಬತ್ತೆರಡರಲ್ಲೇ ಆಗಿಹೋಗುತ್ತಿತ್ತು.

ಆದದ್ದು ಇಷ್ಟು. ಕುಂದಗೋಳದ ಕಡೆಯ ಒಳ್ಳೇ ಮನೆತನ, ಹುಡುಗ ಹೈಸ್ಕೂಲ್ ಮಾಸ್ತರ. ಎರಡೂ ಕಡೆಯವರಿಗೆ ಮನಸ್ಸಿಗೆ ಬಂದಿತ್ತು. ಮಾತು ಪಕ್ಕಾ ಮಾಡಲು ಹೋದ ದಿನ ಆ ಮನೆಯ ಯಜಮಾನರು ಗೋಡೆಯ ಮೇಲಿನ ಫೋಟೋ ತೋರಿಸಿದರು. ಅದರಲ್ಲಿ ಅವರು ಯಾರೋ ದೊಡ್ಡ ಅಧಿಕಾರಿಯ ಕೈ ಕುಲುಕುತ್ತಿದ್ದಾರೆ. ಈರಬಸಪ್ಪ ಹತ್ತಿರ ಹೋಗಿ ನೋಡಿದ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಶಿವಗಂಗವ್ವ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ಅಷ್ಟರಲ್ಲಿ ಅವನ ಬಾಯಿಂದ ಬಂದೇಬಿಟ್ಟಿತು: “ಈ ಕೈ ನಿಮ್ಮದಲ್ಲ್ರಿ. ಎರಡ ಫೋಟೋ ಕತ್ತರಿಸಿ ಕೂಡ್ಸ್ಯಾರ. ನೋಡ್ರಿಲ್ಲೆ, ನೆಳ್ಳು ಒಂದ ಕಡೆ ಬಿದ್ದೈತಿ, ಬೆಳಕ ಇನ್ನೊಂದ ಕಡೆ ಐತಿ.” ಕೂತ ಮಂದಿಯೆಲ್ಲ ಫೋಟೋ ನೋಡಿದರು. ಯಜಮಾನರು ಒಳಗೆ ಹೋದವರು ಹೊರಗೆ ಬರಲಿಲ್ಲ. ಚಹಾ ಬರಲಿಲ್ಲ. ಸಂಬಂಧವೂ ಬರಲಿಲ್ಲ.

ಶಾರದಾ ಅತ್ತು ರಂಪ ಮಾಡಿದ್ದರೆ ಈರಬಸಪ್ಪ ತಡೆದುಕೊಳ್ಳುತ್ತಿದ್ದ. ಅವಳು ಏನೂ ಅನ್ನಲಿಲ್ಲ. ರೊಟ್ಟಿ ಬಡಿದು ಹಾಕಿದಳು, ಬಾವಿಯಿಂದ ನೀರು ತಂದಳು, ಅಪ್ಪನ ಮುಖ ನೋಡಲಿಲ್ಲ. ಆಮೇಲೆ ಮನೆಗೆ ಯಾರಾದರೂ ಬಂದು ಅಪ್ಪ ಬಾಯಿ ತೆರೆದರೆ ಸಾಕು, ಒಳಗೆ ಅವಳ ಕೈಯ ಕೆಲಸ ನಿಂತುಬಿಡುತ್ತಿತ್ತು. ಬಡಿಯುವ ರೊಟ್ಟಿಯ ಸದ್ದು ತಟ್ಟನೆ ನಿಂತದ್ದು ಈರಬಸಪ್ಪನಿಗೆ ಹೊರಗಿನಿಂದ ಕೇಳುತ್ತಿತ್ತು. ಮಗಳಿಗೆ ತನ್ನ ಭಯ ಹತ್ತಿದೆಯಲ್ಲಪ್ಪಾ ಅಂತ ಕೊರಗುತ್ತಿದ್ದ.

ಎಂಬತ್ತಮೂರರಲ್ಲಿ ನವಲಗುಂದದ ಸಂಬಂಧ ಬಂತು. ಹುಡುಗ ಬಸ್ ಕಂಡಕ್ಟರ. ಹುಡುಗನ ಅಪ್ಪ ಶಂಭುಲಿಂಗಪ್ಪ ಜಮಖಾನದ ವ್ಯಾಪಾರದವನು, ಊರಿನ ಹೆಣ್ಣುಮಕ್ಕಳು ನೇಯ್ದ ಜಮಖಾನ ಕೊಂಡು ಹುಬ್ಬಳ್ಳಿ, ಬೆಳಗಾವಿಗೆ ಹಾಕುವವನು. ಎತ್ತರದ ಆಳು, ದೊಡ್ಡ ದನಿ, ನಕ್ಕರೆ ಮೂರು ಮನೆಗೆ ಕೇಳಬೇಕು. ಅವನು ಬರುವ ಮುನ್ನಾ ದಿನ ಶಿವಗಂಗವ್ವ ಗಂಡನನ್ನು ದೇವರ ಮುಂದೆ ಕೂಡಿಸಿದಳು.

“ಲಿಂಗ ಮುಟ್ಟಿ ಹೇಳ್ರಿ. ಅವರದ ಏನ ಖೊಟ್ಟಿ ಕಂಡ್ರೂ ಬಾಯಿ ತೆರಿಯಂಗಿಲ್ಲಂತ.”

“ಏನರ ಕೇಳಿದ್ರ?”

“ಕೇಳಿದ್ರೂ!”

ಈರಬಸಪ್ಪ ಕೊರಳ ಲಿಂಗ ಹಿಡಿದು ಆಣೆ ಮಾಡಿದ. ಅಷ್ಟಾದರೂ ಶಿವಗಂಗವ್ವನಿಗೆ ನಂಬಿಗೆ ಬರಲಿಲ್ಲ. ಅಡಿಕೆಲೆಯ ತಟ್ಟೆ ಅವನ ಮುಂದೇ ಇಟ್ಟಳು, ಬಾಯಿ ತುಂಬಿಕೊಂಡಿರಲಿ ಅಂತ.

ಕುತ್ತು ಬಂದದ್ದು ಬೇರೆ ದಿಕ್ಕಿನಿಂದ. ಶಂಭುಲಿಂಗಪ್ಪ ಬಂದವನೇ, “ಬೀಗರ, ನಿಮಗ ಅದೇನೋ ಪಟದ ಹೌಸಿ ಐತಂತಲ್ರಿ, ತೋರಸ್ರಲಾ!” ಅಂದ. ಇಡೀ ಜನ್ಮದಲ್ಲಿ ಯಾವ ನೆಂಟನೂ ಹಾಗೆ ಕೇಳಿರಲಿಲ್ಲ. ಈರಬಸಪ್ಪ ಟ್ರಂಕು ತೆಗೆದು ಕಾಡುಪ್ರಾಣಿಯ ಸರಣಿ ಹಾಸಿಗೆಯ ಮೇಲೆ ಹರವಿದ. ಆನೆ, ಹುಲಿ, ಕಡವೆ, ಮುಳ್ಳಹಂದಿ. ಶಂಭುಲಿಂಗಪ್ಪ ಸಣ್ಣ ಹುಡುಗನ ಹಾಗೆ ಬಗ್ಗಿ ಬಗ್ಗಿ ನೋಡಿದ.

“ಎಲ್ಲಾ ಅದಾವೇನ್ರಿ?”

“ಒಂದ ಇಲ್ಲ್ರಿ. ಕತ್ತಿಕಿರುಬ. ಹುಡುಗಿದ್ದಾಗಿಂದ ಹುಡುಕಾಕತ್ತೇನಿ, ಈ ಜನ್ಮಕ್ಕ ಸಿಗಂಗಿಲ್ಲ ಅದು.”

ಸಂಬಂಧ ಕುದುರಿತು. ನಿಶ್ಚಯಕ್ಕೆ ದಿನ ಹಿಡಿದರು.

ನಿಶ್ಚಯದ ದಿನ ನವಲಗುಂದದಿಂದ ಟೆಂಪೋ ತುಂಬ ಮಂದಿ ಬಂದರು. ಶಾರದಾಳಿಗೆ ಉಡಿ ತುಂಬಿದರು, ಸಕ್ಕರೆ ಹಂಚಿದರು. ಬೀಗರಿಗೆ ಬೀಗರು ಆಯೇರದ ಉಡುಗೊರೆ ಕೊಡುವ ಹೊತ್ತಿಗೆ ಶಂಭುಲಿಂಗಪ್ಪ ಎದ್ದು ನಿಂತ. ಅವನ ಎರಡೂ ಕೈಯಲ್ಲಿ ಹೊಸ ರುಮಾಲು, ರುಮಾಲಿನ ಮೇಲೆ ಎಲೆ ಅಡಿಕೆ, ಎಲೆಯ ಮೇಲೆ ಒಂದು ಪಟ.

“ಹುಬ್ಬಳ್ಳಿಗೆ ಹ್ವಾದಾಗೆಲ್ಲಾ ಹುಡುಕೇನ್ರಿ ಬೀಗರ. ಜಮಖಾನ ಮಾರೂದ ಬಿಟ್ಟು ಗಲ್ಲಿ ಗಲ್ಲಿ ತಿರಗೇನಿ. ಕಡೀಕ ಒಬ್ಬ ನಾಣ್ಯದಾಂವನ ಕಡೆ ಸಿಕ್ತು ನೋಡ್ರಿ ನಿಮ್ಮ ಕತ್ತಿಕಿರುಬ!”

ಹೆಂಗಸರ ಕಡೆಯಿಂದ ಒಬ್ಬ ಅಜ್ಜಿ, “ಅಯ್ಯ ಶಿವನ, ಶುಭಕಾರ್ಯದಾಗ ಕತ್ತಿಕಿರುಬ ಕೊಡ್ತಾರೇನಪಾ!” ಅಂದಳು. ಎಲ್ಲರೂ ಹೋ ಅಂತ ನಕ್ಕರು. ಎಲ್ಲರಿಗಿಂತ ಜೋರಾಗಿ ಶಂಭುಲಿಂಗಪ್ಪನೇ ನಕ್ಕ.

ಈರಬಸಪ್ಪನೂ ನಗುತ್ತಲೇ ಪಟ ಎತ್ತಿಕೊಂಡ. ಹುಡುಗನಾಗಿದ್ದಾಗ ಗಾಡಿಯ ಹಿಂದೆ ಓಡಿದ ಆಸೆಯೆಲ್ಲ ಆ ಹೊತ್ತಿನಲ್ಲಿ ಬೆರಳಿಗೆ ಬಂದು ಕೂತಿತ್ತು. ಹೆಬ್ಬೆರಳು ತಾನಾಗಿಯೇ ಅಂಚಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು.

ಖೊಟ್ಟಿ. ಕಿವಿಗೆ ಹಿಡಿಯುವುದು ಬೇಕಿರಲಿಲ್ಲ, ಭೂತಗನ್ನಡಿಯೂ ಬೇಕಿರಲಿಲ್ಲ. ಹಿಂದೆ ಮುಂದೆ ಒಂದೇ ಬಣ್ಣ, ಅಂಚು ಮೆತ್ತಗೆ, ಚಹದ ನೀರಿನ ಕಲೆ ಮೂಲೆಯಲ್ಲಿ ಒಣಗಿ ಕೂತಿದೆ. ಒಬ್ಬ ಕುರುಡನೂ ಹೇಳಬಹುದಾದ ಖೊಟ್ಟಿ! ಆ ಹುಬ್ಬಳ್ಳಿಯ ವ್ಯಾಪಾರಿ ಬಾಡಕೋ ಈ ಭೋಳೆ ಮನುಷ್ಯನ ತಲೆಗೆ ಟೊಪಗಿ ಹಾಕಿದ್ದಾನೆ. ಈರಬಸಪ್ಪನ ಬಾಯಿಗೆ ಒಲೆಯ ಮಾತು ಬಂದು ಹಲ್ಲಿನ ಹಿಂದೆ ನಿಂತಿತು.

ನಗೆ ಇಳಿಯಿತು. ಈರಬಸಪ್ಪನ ಹೆಬ್ಬೆರಳಿನ ಸುದ್ದಿ ಬೀಗರ ಕಡೆಯವರಿಗೂ ಗೊತ್ತಿತ್ತು. ಎಲ್ಲರ ಕಣ್ಣು ಅವನ ಕೈಮೇಲೆ. ಶಂಭುಲಿಂಗಪ್ಪ ಬಾಯಿ ತುಸು ತೆರೆದುಕೊಂಡು ಕಾಯುತ್ತಿದ್ದ. ಒಳಗಿನ ಬಾಗಿಲಲ್ಲಿ ಶಾರದಾ ನಿಂತಿದ್ದಳು, ತುಂಬಿದ ಉಡಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಅಪ್ಪನ ಬಾಯನ್ನೇ ನೋಡುತ್ತ. ಕುಂದಗೋಳದಿಂದ ತಿರುಗಿ ಬಂದ ದಿನ ಇದ್ದ ಮುಖವೇ ಅದು.

ಈರಬಸಪ್ಪ ಪಟವನ್ನು ಕಣ್ಣಿಗೆ ಒತ್ತಿಕೊಂಡ.

ಮನೆಯೆಲ್ಲ ಗದ್ದಲ ಎದ್ದಿತು. ಶಂಭುಲಿಂಗಪ್ಪ ಅವನನ್ನು ಅಪ್ಪಿ ಎತ್ತಿಯೇಬಿಟ್ಟ. ಶಿವಗಂಗವ್ವನಿಗೆ ಏನೂ ಗೊತ್ತಾಗಲಿಲ್ಲ, ಗಂಡನಿಗೆ ಸಂತೋಷದಿಂದ ಕಣ್ಣೀರು ಬಂದಿದೆ ಅಂತ ತಿಳಿದು ತಾನೂ ಕಣ್ಣು ಒರೆಸಿಕೊಂಡಳು.

ಮದುವೆ ಚೆಲೋದಾಗಿ ಆಯಿತು. ಶಾರದಾ ನವಲಗುಂದದಲ್ಲಿ ಹೊಂದಿಕೊಂಡಳು, ಮೈ ಕೈ ತುಂಬಿಕೊಂಡಳು. ಬೀಗ ಬಂದಾಗಲೆಲ್ಲ “ನಮ್ಮ ಕಿರುಬ ಹೆಂಗೈತ್ರಿ?” ಅಂತ ಕೇಳಿ, ಟ್ರಂಕು ತೆಗೆಸಿ, ನೋಡಿ ಹಿಗ್ಗಿ ಹೋಗುತ್ತಿದ್ದ. ಹಾಗಾಗಿ ಆ ಖೊಟ್ಟಿಯನ್ನು ಉಳಿದ ನಲವತ್ತೊಂಬತ್ತರ ನಡುವೆಯೇ ಇಡಬೇಕಾಯಿತು. ಈರಬಸಪ್ಪ ಪಟ ಹರವುವುದನ್ನೇ ಕಡಿಮೆ ಮಾಡಿದ. ಇರಲಿ ಬಿಡು, ಮಗಳು ಸುಖವಾಗಿದ್ದಾಳೆ, ಒಂದು ಕಾಗದದ ತುಂಡು ಎಷ್ಟರದು ಅಂತ ತನಗೆ ತಾನೇ ಹೇಳಿಕೊಂಡ. ಅಷ್ಟಕ್ಕೇ ಮುಗಿದಿದ್ದರೆ ಈ ಕತೆಯನ್ನು ನಾನು ಹೇಳುತ್ತಲೂ ಇರಲಿಲ್ಲ.

ಹುಬ್ಬಳ್ಳಿಯ ವ್ಯಾಪಾರಿಯ ಕಿವಿಗೆ ಸುದ್ದಿ ಮುಟ್ಟಿತು. ಅಣ್ಣಿಗೇರಿ ಈರಬಸಪ್ಪ ನಮ್ಮ ಅಂಗಡಿಯ ಪಟ ಕಣ್ಣಿಗೊತ್ತಿಕೊಂಡಾರ ಅಂತ ಅವನು ಬಂದವರ ಮುಂದೆಲ್ಲ ಡಂಗುರ ಹೊಡೆಯತೊಡಗಿದ. ಒಂದು ಸಂತೆಯ ದಿನ ಮಡಿವಾಳೆಪ್ಪ ಅಂಗಿಯ ಗುಂಡಿ ಸಹ ಹಾಕಿಕೊಳ್ಳದೆ ಓಡಿ ಬಂದ. ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು.

“ಲೇ ಈರ್‍ಯಾ! ನನಗೂ ಸಿಕ್ತಲೇ ಕಿರುಬ! ನಿಮ್ಮ ಬೀಗ ತಂದ ಅಂಗಡ್ಯಾಗನs ತಂದೇನಿ. ನನ್ನ ಹಡಗಿನ ಸರಣಿ ಅಷ್ಟೂ ಕೊಟ್ಟು ತಂದೇನಿ.”

ಹಡಗಿನ ಸರಣಿ! ಮಡಿವಾಳೆಪ್ಪ ಅದನ್ನು ಪೂರ್ತಿ ಮಾಡಲು ಅರ್ಧ ಆಯುಷ್ಯ ಕಳೆದಿದ್ದ. ಹೆಂಡತಿ ತೀರಿಕೊಂಡ ಮೇಲೆ ಸಂಜೆ ಹೊತ್ತು ಆ ಹಡಗುಗಳನ್ನು ಮುಂದೆ ಹರವಿಕೊಂಡು ಕೂಡುವುದು ಅವನ ರೂಢಿ. ಈರಬಸಪ್ಪ ಕಿರುಬವನ್ನು ಕೈಗೆ ತೆಗೆದುಕೊಂಡ. ಅದೇ ಮೆತ್ತಗಿನ ಅಂಚು, ಅದೇ ಕಲೆ.

ಇದನ್ನು ಖೊಟ್ಟಿ ಅಂದರೆ ಬೀಗನದೂ ಖೊಟ್ಟಿ. ಕಟ್ಟೆಯ ಮೇಲಿನ ಮಾತು ಸಂಜೆಯ ಬಸ್ಸಿಗೆ ನವಲಗುಂದ ಮುಟ್ಟುತ್ತದೆ. ತುಂಬಿದ ಮಂದಿಯ ನಡುವೆ ಬೀಗನನ್ನು ಮಂಗ ಮಾಡಿದ ಅಂತಾಗುತ್ತದೆ. ಮಗಳು ಇರುವುದು ಆ ಮನೆಯಲ್ಲಿ. ಅಸಲ ಅಂದನೋ, ಈ ಗೆಳೆಯನ ಕೊರಳು ತಾನೇ ಕೊಯ್ದಂತೆ, ನಾಳೆ ಇನ್ನೂ ಹತ್ತು ಮಂದಿಯದು ಕೊಯ್ದಂತೆ.

“ಯಾಕಲೇ ಸುಮ್ಮಕ್ಕಾದಿ? ಕಣ್ಣಿಗೊತ್ಕೋ!”

ಈರಬಸಪ್ಪ ಪಟವನ್ನು ತಿರುಗಿ ಕೊಟ್ಟ. “ನನಗ ಕಣ್ಣ ಕಾಣವಲ್ದೋ ಮಡಿವಾಳಾ. ಭಾಳ ದಿನಾ ಆತು. ಮಂಜ ಮಂಜ ಆಗತೈತಿ. ಇನ್ನ ಮ್ಯಾಲೆ ಯಾರೂ ನನಗ ಪಟ ತೋರಸಬ್ಯಾಡ್ರಪಾ. ಹೋದ ವರ್ಷಾ ಹೇಳಿದ್ದೂ ಹಿಡೀಬ್ಯಾಡ್ರಿ.”

ಮಡಿವಾಳೆಪ್ಪ ಪಟ ಮರೆತು ಗೆಳೆಯನ ಕೈ ಹಿಡಿದುಕೊಂಡ. “ಅಯ್ಯ ನನ್ನಪ್ಪಾ, ಮೊದಲs ಯಾಕ ಹೇಳ್ಲಿಲ್ಲೋ?” ಅಂದ. ಅವನ ದನಿಯಲ್ಲಿದ್ದ ಅಂತಃಕರಣ ಕೇಳಿ ಈರಬಸಪ್ಪನಿಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಬೇಕು ಅನ್ನಿಸಿತು.

ಕಣ್ಣು ಕಾಣದವನು ಕಾಳು ಹೇಗೆ ನೋಡಿಯಾನು? ಅಡತಿ ಅಂಗಡಿಯ ಮಾಲಕರು ಒಳ್ಳೆಯವರು, ಬಿಡಿಸಲಿಲ್ಲ. ಕಾಳು ನೋಡಲು ಬೇರೆಯವನನ್ನು ಕೂಡಿಸಿ, ಈರಬಸಪ್ಪನನ್ನು ಚೀಲದ ಬಾಯಿ ಹೊಲಿಯಲು ಹಚ್ಚಿದರು. ಊರಿನಲ್ಲಿ ಎಲ್ಲರಿಗಿಂತ ಚುರುಕು ಕಣ್ಣಿನವನು ದಬ್ಬಣಕ್ಕೆ ಸುತಳಿ ಪೋಣಿಸುವಾಗ ಬೇಕಂತಲೇ ಎರಡು ಸಲ ತಪ್ಪಿಸಿ, ಮೂರನೇ ಸಲಕ್ಕೆ ಪೋಣಿಸುತ್ತಿದ್ದ. ಹೊಸಬ ಹುಳುಕು ಕಡಲೆಯನ್ನು ಚಲೋದೆಂದು ಹೇಳುವುದು ಬಾಜೂಕಿನಿಂದಲೇ ಕಾಣುತ್ತಿತ್ತು. ತುಟಿ ಕಚ್ಚಿಕೊಂಡು ಹೊಲಿಯುತ್ತಿದ್ದ. ಅಲ್ಲ, ಇಂಥ ಶಿಕ್ಷೆಯನ್ನು ಯಾವ ಕೋರ್ಟು ಕೊಟ್ಟೀತು ಹೇಳಿ?

ಶಿವಗಂಗವ್ವನ ಮುಂದೆ ಮಾತ್ರ ಆಟ ನಡೆಯಲಿಲ್ಲ. ಒಂದು ದಿನ ಊಟಕ್ಕೆ ಕೂತವನು ಅನ್ನದಿಂದ ಸಾಸಿವೆಯಷ್ಟು ಸಣ್ಣ ಹರಳು ಹೆಕ್ಕಿ ಗಂಗಾಳದ ಅಂಚಿಗೆ ಇಟ್ಟ.

“ಹರಳ ಕಾಣತೈತಿ, ಪಟ ಕಾಣಂಗಿಲ್ಲ. ಇದ್ಯಾವ ನಮೂನಿ ಕುರುಡರಿ?” ಅಂದಳು.

ಈರಬಸಪ್ಪ ಗಂಗಾಳ ಸರಿಸಿ ಎಲ್ಲ ಹೇಳಿಬಿಟ್ಟ. ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿದವಳೇ ಅವಳು. ಈಗ ಸೆರಗು ಬಾಯಿಗೆ ಇಟ್ಟುಕೊಂಡು ಬಿಕ್ಕಿದಳು. “ನಿಮ್ಮ ಬಾಯಿಗೆ ಬೈತಿದ್ನಲ್ರಿ, ಆ ಬಾಯಿನs ಚಲೋ ಇತ್ತು,” ಅಂದಳು.

ಸುದ್ದಿ ನವಲಗುಂದಕ್ಕೂ ಹೋಯಿತು. ಮರುವಾರವೇ ಶಂಭುಲಿಂಗಪ್ಪ ಬಸ್ಸಿಳಿದು ಮನೆಗೆ ನುಗ್ಗಿದ. ನವಲಗುಂದದ ಕನ್ನಡ ಸಾಲಿಯಲ್ಲಿ ಕಣ್ಣಿನ ಶಿಬಿರ ಹಾಕಿದ್ದರು, ಹುಬ್ಬಳ್ಳಿಯಿಂದ ಡಾಕ್ಟರು ಬಂದಿದ್ದರು. “ಏಳ್ರಿ ಬೀಗರ, ಹೋಗೂಣು. ಪೊರಿ ಬಂದಿದ್ರ ತೆಗೀತಾರ, ಚಾಳೀಸ ಬೇಕಂದ್ರ ಕೊಡ್ತಾರ. ನಮ್ಮ ಶಾರದಾ ಮೂರ ದಿನಾ ಆತು ಸರಿಯಾಗಿ ಉಂಡಿಲ್ಲ.” ಈರಬಸಪ್ಪ ಏನೇನೋ ನೆವ ಹೇಳಿದ. ಆ ಮನುಷ್ಯ ಕೇಳಬೇಕಲ್ಲ! ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿಯೇಬಿಟ್ಟ. ದಾರಿಯುದ್ದಕ್ಕೂ ಕಿಡಕಿಯ ಕಡೆ ತಾನು ಕೂತು, ಬಿಸಿಲು ಬೀಗರ ಕಣ್ಣಿಗೆ ಬೀಳದ ಹಾಗೆ ಕೈವಸ್ತ್ರ ಹಿಡಿದಿದ್ದ. ಈರಬಸಪ್ಪ ಎದುರಿನ ಸೀಟು ನೋಡುತ್ತ ಕೂತಿದ್ದ.

ಸಾಲಿಯ ಒಂದು ಖೋಲಿಯ ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿದ್ದರು. ಮೇಲೆ ದೊಡ್ಡ ಅಕ್ಷರ, ಕೆಳಕೆಳಗೆ ಸಣ್ಣವು. ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ನಗುಮುಖದವರು. ಅವರು ಕೋಲಿನಿಂದ ಮೇಲಿನ ಸಾಲು ತೋರಿಸಿದರು. ಈರಬಸಪ್ಪ ಕಣ್ಣು ಕಿರಿದು ಮಾಡಿ, “ಮಂಜ ಐತ್ರಿ” ಅಂದ. ಎರಡನೇ ಸಾಲು. “ಕಾಣವಲ್ದ್ರಿ.” ಮೂರನೆಯದು. “ಇಲ್ಲ್ರಿ.” ಬಾಗಿಲಲ್ಲಿ ನಿಂತ ಶಂಭುಲಿಂಗಪ್ಪ ಲೊಚಗುಟ್ಟಿದ. ಎಲ್ಲ ಸರಿಯಾಗಿಯೇ ನಡೆದಿತ್ತು. ಡಾಕ್ಟರರ ಕೋಲು ಎಲ್ಲಕ್ಕಿಂತ ಕೆಳಗಿನ, ಇರುವೆಯಷ್ಟು ಸಣ್ಣ ಅಕ್ಷರಗಳ ಸಾಲಿಗೆ ಬಂತು. ಈರಬಸಪ್ಪನ ಹುಬ್ಬು ಗಂಟಿಕ್ಕಿತು. ತಡೆಯಲು ನೋಡಿದ. ಆಗಲಿಲ್ಲ.

“ಈ ಸಾಲು ಅಸಲ ಅಲ್ಲ್ರಿ ಸಾಹೇಬ್ರ. ಮ್ಯಾಲಿನವೆಲ್ಲಾ ಅಚ್ಚಿನ ಅಕ್ಷರ. ಇದನ್ನ ಯಾರೋ ಕೈಲೆ ತಿದ್ದ್ಯಾರ. ಮಸಿ ಬ್ಯಾರೆ ಐತಿ ನೋಡ್ರಿ!”

ಡಾಕ್ಟರು ಹಲಗೆಯ ಹತ್ತಿರ ಹೋಗಿ ಬಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಖರೇ ಐತ್ರೀ ಯಜಮಾನ್ರ. ಕೆಳಗಿನ ಸಾಲು ಮಾಸಿತ್ತು, ನಮ್ಮ ಕಂಪೌಂಡರ ತಿದ್ದ್ಯಾನ. ನಿಮಗ್ಯಾವ ಔಷಧ ಕೊಡ್ಲಿ ನಾನು? ಎದ್ದ ಹೋಗ್ರಿ!” ಆದರೂ ಕರ್ತವ್ಯಕ್ಕೆಂದು ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು. ಪೊರೆ ಇರಲಿಲ್ಲ, ಏನೂ ಇರಲಿಲ್ಲ.

ಹೊರಗೆ ಬಂದ ಮೇಲೆ ಶಂಭುಲಿಂಗಪ್ಪ ಮಾತಾಡಲಿಲ್ಲ. ದೊಡ್ಡ ದನಿಯ ಮನುಷ್ಯ ಸುಮ್ಮನಾದದ್ದು ಈರಬಸಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಸಾಲಿಯ ಗೇಟಿನ ಹತ್ತಿರ ಬೀಗ ನಿಂತ.

“ಕಣ್ಣ ಅಗದಿ ಚಲೋ ಅದಾವ. ಹಂಗಾರ ಕಾಣಂಗಿಲ್ಲಂತ, ಹೋದ ವರ್ಷಾ ಹೇಳಿದ್ದೂ ಹಿಡೀಬ್ಯಾಡ್ರಿ ಅಂತ ಯಾಕ ಹೇಳಿದ್ರಿ?” ತುಸು ಹೊತ್ತು ಅವನ ಮುಖವನ್ನೇ ನೋಡಿದ. “ನಾ ಕೊಟ್ಟ ಕಿರುಬ ಖೊಟ್ಟಿ ಐತಿ. ಹೌದಲ್ರಿ?”

“ಹೌದ್ರಿ.”

“ಅಂದs ಗೊತ್ತಾಗಿತ್ತೇನು?”

“ಕೈಗೆ ಬಂದ ಕೂಡ್ಲೆ.”

“ಮತ್ತ ಯಾಕ ಹೇಳ್ಲಿಲ್ಲ?”

ಈರಬಸಪ್ಪ ನೆಲ ನೋಡಿದ. ಕುಂದಗೋಳದ ಫೋಟೋದಿಂದ ಹಿಡಿದು ಮಡಿವಾಳೆಪ್ಪನ ಹಡಗಿನತನಕ ಎಲ್ಲ ಹೇಳಿದ. “ಮಗಳ ಬಾಳ್ವಿ ಐತ್ರಿ ನಿಮ್ಮ ಮನ್ಯಾಗ. ಮಂದ್ಯಾಗ ನಿಮ್ಮ ಮಾನ ಹ್ವಾದ್ರ, ನೀವು ಸಿಟ್ಟಾದ್ರ…”

ಶಂಭುಲಿಂಗಪ್ಪನ ಮುಖ ಕೆಂಪಾಯಿತು. ಗೇಟಿನಲ್ಲಿ ನಿಂತ ಮುದುಕರೆಲ್ಲ ತಿರುಗಿ ನೋಡುವ ಹಾಗೆ ಒದರಿದ.

“ಒಂದ ಕಾಗದದ ಸಲುವಾಗಿ ಸೊಸೀನ ತೌರಿಗೆ ಅಟ್ಟಾಂವ ಅಂತ ತಿಳದ್ರೇನು ನನ್ನ? ಅಂಥಾ ಹಲ್ಕಟ್ ಕಂಡ್ನೇನು ನಾನು? ಪಟಾ ಹಿಡಿದ ಕೂಡ್ಲೆ ಗುರ್ತ ಹಿಡದ್ರಿ. ನನ್ನ ಮನ್ಯಾಗ ಕುಂತು ಉಂಡೀರಿ, ನನ್ನ ಬಾಜು ಮಲಗೀರಿ, ನನ್ನ ಗುರ್ತ ಹಿಡೀಲಿಲ್ಲಲ್ರಿ ಬೀಗರ! ಅಂದs ಖೊಟ್ಟಿ ಅಂದಿದ್ರ ಎಲ್ಲಾರ್ಕಿಂತ ಮೊದಲ ನಾನs ನಗತಿದ್ದೆ. ನಕ್ಕು, ಮರದಿನಾ ಹುಬ್ಬಳ್ಳಿಗೆ ಹೋಗಿ ಆ ಮಗನ ಕುತ್ತಿಗಿ ಹಿಡೀತಿದ್ದೆ. ಆ ಟೇಲರ್ ಮುದುಕನ ಹಡಗಾರ ಉಳೀತಿದ್ವು!”

ಒದರಿ ಒದರಿ ಅವನ ಕಣ್ಣಲ್ಲೇ ನೀರು ಬಂದವು. ಈರಬಸಪ್ಪನಿಗೆ ತಲೆ ಎತ್ತಲಾಗಲಿಲ್ಲ. ತಾನು ದೊಡ್ಡ ತ್ಯಾಗ ಮಾಡಿದೆ ಅಂತ ಇಷ್ಟು ದಿನ ಒಳಗೊಳಗೆ ತಿಳಿದುಕೊಂಡಿದ್ದ. ಮಾಡಿದ್ದು ಇದು, ಒಬ್ಬ ದೊಡ್ಡ ಮನಸ್ಸಿನವನನ್ನು ಸಣ್ಣವನೆಂದು ಎಣಿಸಿದ್ದು.

“ತಪ್ಪಾತ್ರಿ,” ಅಂದ.

ಶಂಭುಲಿಂಗಪ್ಪ ಕೈವಸ್ತ್ರದಿಂದ ಮೂಗು ಒರೆಸಿಕೊಂಡ. “ನಡೀರಿ, ಮೊದಲ ಉಣ್ಣೂಣು. ನಾಳೆ ನಸುಕಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗೂದು. ನೀವು ಖೊಟ್ಟಿ ಅಂತ ಹೇಳ್ರಿ, ಮುಂದಿಂದ ನಾ ನೋಡ್ಕೋತೇನಿ. ಆ ಮುದುಕನ ಹಡಗ ತಗೊಂಡs ತಿರುಗಿ ಬರೂದು.”

ಇಬ್ಬರೂ ಮನೆ ಮುಟ್ಟಿದಾಗ ಶಾರದಾ ಹಿತ್ತಲಿನಿಂದ ಓಡಿ ಬಂದಳು. ಮಾವನ ಮುಖ ನೋಡಿದಳು, ಕೆಂಪಾಗಿದೆ, ಕಣ್ಣು ಒದ್ದೆ. ಅಪ್ಪನ ಮುಖ ನೋಡಿದಳು, ತಲೆ ಬಗ್ಗಿದೆ. ಕೈಯಲ್ಲಿದ್ದ ನೀರಿನ ತಂಬಿಗೆ ಹಾಗೇ ನಿಂತಿತು.

“ಯಪ್ಪಾ,” ಅಂದಳು, ದನಿ ಇಲ್ಲದ ದನಿಯಲ್ಲಿ. “ಮತ್ತೇನಂದ್ಯೋ ಯಪ್ಪಾ?”

ಈರಬಸಪ್ಪ ಮಗಳ ಕೈಯಿಂದ ತಂಬಿಗೆ ಇಸಿದುಕೊಂಡ.

“ಈ ಸಲ ಏನೂ ಅಂದಿದ್ದಿಲ್ಲವ್ವಾ,” ಅಂದ. “ಅದs ತಪ್ಪಾಗಿತ್ತು.”